ವ್ಯಾನು ಮತ್ತು ವ್ಯಾನಕ್ಕ

ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ನಾನು ಪೋಷಕರ ಪ್ರತಿನಿಧಿ. ಕೇಳುವುದಕ್ಕೆ ತೂಕವಾದ ಹುದ್ದೆ. ಕೆಲಸ ಇಷ್ಟೇ: ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ, ಮಕ್ಕಳ ಅಳತೆಗೆ ಮಾಡಿಸಿದ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತು, ಉಳಿದವರು ಕೈ ಎತ್ತಿದಾಗ ನಾನೂ ಎತ್ತುವುದು. ಶೌಚಾಲಯದ ಬಾಗಿಲಿಗೆ ಚಿಲಕ, ಎರಡನೇ ತರಗತಿಗೆ ಫ್ಯಾನು, ಕೈಬರಹದ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಗೆ ಅಭಿನಂದನೆ, ಹಿಂದಿನ ಸಭೆಯ ನಡಾವಳಿಗೆ ಒಪ್ಪಿಗೆ, ಎಲ್ಲದರ ಹಿಂದೆಯೂ ನನ್ನ ಕೈಯಿದೆ.

ಆದರೆ ಇದು ಮಂಡಳಿಯ ಕತೆಯಲ್ಲ. ಒಂದು ಶನಿವಾರ ಮಂಡಳಿಯ ಬಾಯಿ ಮುಚ್ಚಿಸಿ, ಆಮೇಲೆ ತೆರೆಸಿದ ವ್ಯಾನಕ್ಕನ ಕತೆ.

ವ್ಯಾನಕ್ಕ ಎಂದರೆ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವರು. ಅವರ ನಿಜವಾದ ಹೆಸರು ಶಾಲೆಯ ಕಾಗದಪತ್ರದಲ್ಲಿ ಎಲ್ಲೋ ಇದ್ದೀತು, ಕರೆದು ಅಭ್ಯಾಸ ಇರುವವರು ಯಾರೂ ಇಲ್ಲ. ಅವರು ಈ ಕೆಲಸಕ್ಕೆ ಸೇರಿದ್ದು ಅರ್ಜಿ ಹಾಕಿಯಲ್ಲ. ಮಗಳನ್ನು ಮೊದಲ ದಿನ ವ್ಯಾನಿಗೆ ಹತ್ತಿಸಿದಾಗ ಮಗಳು ತಾಯಿಯ ಸೆರಗು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿವೆ, ಮಗು ಕಿರುಚುತ್ತಿದೆ. "ಇವತ್ತೊಂದಿನ ಹತ್ತಿಬಿಡು ತಾಯಿ, ಪುಣ್ಯ ಬರತ್ತೆ" ಅಂದರಂತೆ ಡ್ರೈವರಣ್ಣ. ಹತ್ತಿದರು. ದಾರಿಯಲ್ಲಿ ಬೇರೊಂದು ಮಗು ವಾಂತಿ ಮಾಡಿಕೊಂಡಿತು, ಒರೆಸಿದರು. ಇನ್ನೆರಡು ಜುಟ್ಟು ಹಿಡಿದುಕೊಂಡವು, ಬಿಡಿಸಿದರು. ಮಾರನೆಯ ದಿನ ಮಗಳು ತಾನಾಗಿ ಹತ್ತಿ ಕಿಟಕಿಯ ಪಕ್ಕ ಕೂತು ಟಾಟಾ ಮಾಡಿದಳು. ಆದರೆ ಉಳಿದ ಮಕ್ಕಳೆಲ್ಲ, "ನಿನ್ನೆಯ ಅಕ್ಕ ಎಲ್ಲಿ" ಎಂದು ರಾಗ ತೆಗೆದವು. ಮತ್ತೆ ಹತ್ತಿದರು. ಹತ್ತಿದವರು ಇಳಿದಿಲ್ಲ.

"ಮಗಳನ್ನ ಶಾಲೆಗೆ ಸೇರಿಸಿದ್ಯೋ, ನೀನೇ ಸೇರ್ಕೊಂಡ್ಯೋ?" ಎಂದು ಅವರ ಅತ್ತೆ ಬಹಳ ದಿನ ಚುಚ್ಚುತ್ತಿದ್ದರಂತೆ. ಹೀಗೊಬ್ಬರು ದಿನವೂ ವ್ಯಾನಿನಲ್ಲಿ ಓಡಾಡುತ್ತಿದ್ದಾರೆ ಎನ್ನುವುದು ಮಂಡಳಿಯ ಗಮನಕ್ಕೆ ಬಂದದ್ದು ಎಷ್ಟೋ ತಿಂಗಳಾದ ಮೇಲೆ. ಆಗ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ತೀರ್ಮಾನವಾಯಿತು. ನೇಮಕವಾಗುವ ಮೊದಲೇ ಕೆಲಸ ಕಲಿತುಕೊಂಡಿದ್ದ ಸಿಬ್ಬಂದಿ ನಮ್ಮ ಶಾಲೆಗೆ ಸಿಕ್ಕಿದ್ದು ಅದೊಂದೇ ಸಲ. ಆ ಮಗಳು ಈಗ ಆಸ್ಪತ್ರೆಯಲ್ಲಿ ನರ್ಸು. ತಾಯಿ ಇನ್ನೂ ವ್ಯಾನಿನಲ್ಲಿ.

ಮಕ್ಕಳನ್ನು ಅವರು ಕರೆಯುವುದು ಹತ್ತುವ ಸ್ಟಾಪಿನ ಹೆಸರಿನಿಂದ. ಹಾಲಿನ ಬೂತು, ನೀರಿನ ಟ್ಯಾಂಕು, ಮೆಡಿಕಲ್ ಸ್ಟೋರು. "ಏ ಮೆಡಿಕಲ್ ಸ್ಟೋರು, ಕಿಟಕಿಯಿಂದ ಕೈ ತೆಗಿ." ಒಂದೇ ಸ್ಟಾಪಿನಲ್ಲಿ ಇಬ್ಬರಿದ್ದರೆ ದೊಡ್ಡ ಟ್ಯಾಂಕು, ಚಿಕ್ಕ ಟ್ಯಾಂಕು. ಈ ಹೆಸರು ಒಮ್ಮೆ ಅಂಟಿದರೆ ಬಿಡುವುದಿಲ್ಲ. ನಮ್ಮ ಶಾಲೆಗೇ ಗಣಿತದ ಮೇಡಂ ಆಗಿ ಬಂದ ಹಳೆಯ ವಿದ್ಯಾರ್ಥಿನಿಯನ್ನು, ಅವರು ಹಾಜರಿ ಪುಸ್ತಕ ಹಿಡಿದು ಗಂಭೀರವಾಗಿ ಹೋಗುತ್ತಿದ್ದಾಗ, ವ್ಯಾನಕ್ಕ ಕಾರಿಡಾರಿನ ಈ ತುದಿಯಿಂದ "ಟ್ಯಾಂಕೂ, ಊಟ ಆಯ್ತಾ?" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಟ್ಯಾಂಕು ಕೆಂಪಗಾಗಿ, "ಆಯ್ತಕ್ಕ" ಅಂದಿತು.

ನನ್ನ ಚಿಕ್ಕ ಮಗಳು ಟೈಲರ್ ಅಂಗಡಿ. ಮೊದಲ ವಾರ ಅವಳೂ ಬೀದಿ ಕೇಳುವ ಹಾಗೆ ಅತ್ತವಳೇ. ವ್ಯಾನಕ್ಕ ಒಂದು ಕೈಯಲ್ಲಿ ಅವಳನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಬ್ಯಾಗು ಎತ್ತಿ, "ಅಪ್ಪ ಆಫೀಸಲ್ಲಿ ಅಳ್ತಾರೆ, ನಾವು ವ್ಯಾನಲ್ಲಿ ಅಳೋಣ, ಬಾ" ಎಂದು ಒಳಗೆ ಕೂರಿಸಿಕೊಂಡರು. ಎರಡನೇ ವಾರ ಅಳು ನಿಂತಿತು. ಆಫೀಸಿನಲ್ಲಿ ನನ್ನದು ಮುಂದುವರಿದಿದೆ.

ಈಗ ಮಂಡಳಿಗೆ ಬರೋಣ. ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯ ಮಾಲೀಕರು. ಕೆಮ್ಮುವುದಿದ್ದರೂ "ಸಭೆಯ ಅನುಮತಿ ಕೋರಿ" ಕೆಮ್ಮುತ್ತಾರೆ. ಕಾರ್ಯದರ್ಶಿಗಳು ವಿದ್ಯುತ್ ಕಚೇರಿಯಿಂದ ನಿವೃತ್ತರಾದವರು, ಎರಡು ಗುಣಗಳ ಗಣಿ. ಮೊದಲನೆಯದು ಮಿತವ್ಯಯ. ಸಭೆಯ ವಿಷಯಪಟ್ಟಿ ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಯಬೇಕೆಂಬುದು ಅವರ ಪಣ, ಪೂರ್ಣವಿರಾಮವನ್ನೂ ಕೈ ಬಿಗಿಹಿಡಿದೇ ಹಾಕುತ್ತಾರೆ. ಎರಡನೆಯದು ಗೋಪ್ಯತೆ. ಸಭೆ ತೀರ್ಮಾನಿಸುವ ತನಕ ಟೀಗೆ ಸಕ್ಕರೆ ಹಾಕಿದೆಯೇ ಎಂದು ಕೇಳಿದರೂ ಅವರಿಂದ ಉತ್ತರ ಹೊರಡುವುದಿಲ್ಲ.

ನಮ್ಮ ಮಂಡಳಿ ಸ್ಮರಣಿಕೆ ಕೊಡುವುದರಲ್ಲಿ ಜಿಪುಣತನ ಮಾಡುವುದಿಲ್ಲ. ಹೊತ್ತು ನೋಡಿ ಕೊಡುತ್ತದೆ, ಅಷ್ಟೇ: ಹೋಗುವವರಿಗೆ. ಮರದ ಚೌಕಟ್ಟಿನ ಫಲಕ, ಮೇಲೆ ಶಾಲೆಯ ಮುದ್ರೆ, ಕೆಳಗೆ 'ನೆನಪಿಗಾಗಿ' ಎಂಬ ಬಂಗಾರದ ಬಣ್ಣದ ಅಕ್ಷರ. ಡ್ರಾಯಿಂಗ್ ಮೇಷ್ಟ್ರು ತಗೊಂಡರು, ಹೋದರು. ಗುಮಾಸ್ತರು ತಗೊಂಡರು, ಹೋದರು. ಆ ಫಲಕ ಕೈಗೆ ಬಂದವರು ಮಾರನೆಯ ದಿನ ಕೆಲಸಕ್ಕೆ ಬಂದ ಉದಾಹರಣೆ ಇಲ್ಲ. ಇದು ಸರಿಯಲ್ಲ ಎಂದು ಮೊದಲು ಹೇಳಿದವರು ನಮ್ಮ ಹೆಡ್‌ಮಿಸ್ಸು. "ಹೋಗೋರಿಗೇ ಯಾಕೆ ಸಾರ್, ಇರೋರಿಗೂ ಒಂದು ಸಲ ಥ್ಯಾಂಕ್ಸ್ ಹೇಳೋಣ. ವ್ಯಾನಕ್ಕನಿಂದಲೇ ಶುರು ಮಾಡೋಣ." ಎಲ್ಲರೂ ಕೈ ಎತ್ತಿದೆವು. ಒಳ್ಳೆಯ ಕೆಲಸ ಇಷ್ಟು ಸುಲಭವೇ ಎಂದು ನನಗೆ ಆಶ್ಚರ್ಯವಾಯಿತು.

ಅದೇ ಹೊತ್ತಿಗೆ ಹಳೆಯ ವ್ಯಾನಿನ ತಳ ತುಕ್ಕು ಹಿಡಿದು, ಒಳಗೆ ಕೂತರೆ ರಸ್ತೆ ಕಾಣಿಸತೊಡಗಿತ್ತು. ಅದನ್ನು ಮಾರಿ ಹೊಸದು ತರುವ ಮಾತಾಯಿತು. ಮುಂದಿನ ಸಭೆಯ ವಿಷಯಪಟ್ಟಿಯನ್ನು ಕಾರ್ಯದರ್ಶಿಗಳು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಒಂದು ಸಾಲು ಉಳಿಸುವ ಅವಕಾಶ ಕಣ್ಣಿಗೆ ಬಿದ್ದಿತ್ತು. ಬಿಡಲಿಲ್ಲ. ನಾಲ್ಕನೆಯ ವಿಷಯ ಹೀಗಿತ್ತು: 'ಹಳೆಯ ವ್ಯಾನ್ ವಿಲೇವಾರಿ ಮತ್ತು ವ್ಯಾನಕ್ಕನವರಿಗೆ ಸ್ಮರಣಿಕೆ.'

ಮಕ್ಕಳನ್ನು ತರಗತಿಗೆ ಬಿಟ್ಟು ಬರುತ್ತಿದ್ದ ವ್ಯಾನಕ್ಕ ಅದನ್ನು ಓದಿ ನಿಂತುಬಿಟ್ಟರು. ಡ್ರೈವರಣ್ಣ ಕೀ ತಿರುಗಿಸುತ್ತಾ ಹಿಂದಿನಿಂದ ಬಂದರು.

"ಅಣ್ಣ, ವಿಲೇವಾರಿ ಅಂದ್ರೆ ಗುಜರಿಗೆ ಹಾಕೋದು ತಾನೆ?"

"ವ್ಯಾನನ್ನ ಗುಜರಿಗೆ ಹಾಕ್ತಾರೆ. ನಿನ್ನನ್ನ ಫಲಕ ಕೊಟ್ಟು ಮರ್ಯಾದೆಯಾಗಿ ಹಾಕ್ತಾರೆ."

ಅವರು ನಗಲಿಲ್ಲ. ಡ್ರೈವರಣ್ಣ ಕೀ ತಿರುಗಿಸುವುದನ್ನು ನಿಲ್ಲಿಸಿ, "ತಮಾಷೆಗಂದೆ ಕಣಕ್ಕ" ಅಂದರು.

"ಹೊಸ ವ್ಯಾನಿನ ಬಾಗಿಲು ತಾನೇ ತೆಗೆಯತ್ತೆ, ತಾನೇ ಹಾಕ್ಕೊಳತ್ತೆ ಅಂತ ನೀವೇ ಹೇಳಿದ್ರಲ್ಲ ಅಣ್ಣ. ನನಗಿನ್ನೇನು ಕೆಲಸ?"

ನೇರವಾಗಿ ಕಾರ್ಯದರ್ಶಿಗಳ ಹತ್ತಿರ ಹೋದರು. "ಸಾರ್, ಬೋರ್ಡಲ್ಲಿ ನಂದು ಹಾಕಿದೀರಲ್ಲ. ಯಾವತ್ತಿಂದ?"

"ಅದೆಲ್ಲ ಸಭೆ ತೀರ್ಮಾನ ಮಾಡತ್ತೆ. ತೀರ್ಮಾನ ಆಗೋ ತನಕ ನಾನು ಏನೂ ಹೇಳೋ ಹಾಗಿಲ್ಲಮ್ಮ" ಎಂದು ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರು. ಹೀಗೆ ಗೋಪ್ಯತೆ ಉಳಿಯಿತು.

ಶುಕ್ರವಾರ ಸಂಜೆ ನನ್ನ ಮಗಳು ಊಟದ ಮಧ್ಯೆ ಕೇಳಿದಳು. "ಅಪ್ಪ, ವಿಲೇವಾರಿ ಅಂದ್ರೇನು?"

"ಬೇಡದೇ ಇರೋದನ್ನ ತೆಗೆದು ಹಾಕೋದು ಪುಟ್ಟ."

"ಹಾಗಾದ್ರೆ ವ್ಯಾನಕ್ಕ ಯಾರಿಗೆ ಬೇಡ?"

ಮೂರು ದಿನದಿಂದ ವ್ಯಾನಕ್ಕ ವ್ಯಾನಿನಲ್ಲಿ ಪಾಠ ನಡೆಸುತ್ತಿದ್ದಾರಂತೆ. ಏಳನೇ ತರಗತಿಯ ಹಾಲಿನ ಬೂತಿಗೆ ಹೇಳಿಕೊಟ್ಟಾಗಿದೆ: ಮೆಡಿಕಲ್ ಸ್ಟೋರಿಗೆ ವಾಂತಿ ಬರುತ್ತದೆ, ತಿರುವು ಬರುವ ಮೊದಲೇ ಕಿಟಕಿ ತೆಗೆಯಬೇಕು, ಟೈಲರ್ ಅಂಗಡಿಯ ಶೂ ಲೇಸು ತಾನೇ ಕಟ್ಟಿಕೊಳ್ಳಲಿ ಎಂದು ಬಿಡಬೇಕು, ನಿದ್ದೆ ಹೋದವರನ್ನು ಹೆಸರು ಹಿಡಿದು ಕೂಗದೆ ಬೆನ್ನು ಸವರಿ ಎಬ್ಬಿಸಬೇಕು. "ಅಕ್ಕ ಹೇಳ್ತಾ ಹೇಳ್ತಾ ಆ ಕಡೆ ತಿರುಗಿಕೊಂಡಳು" ಎಂದಳು ಮಗಳು.

ನನ್ನ ಹೆಂಡತಿ ಸಾರಿನ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಏನ್ರೀ, ಕೈ ಎತ್ತಿದ್ದು ಇದಕ್ಕಾ?"

"ಅಲ್ಲ ಮಾರಾಯ್ತಿ, ನಾವು ಕೊಡ್ತಿರೋದು ಸನ್ಮಾನ. ನಾಳೆ ಫಲಕ ಕೈಗೆ ಬಂದ್ರೆ ಎಲ್ಲ ಸರಿಹೋಗತ್ತೆ" ಎಂದೆ. ಫಲಕವೇ ತಕರಾರು ಎನ್ನುವುದು ಹೊಳೆಯುವಷ್ಟು ಬುದ್ಧಿ ಮಂಡಳಿಯ ಸದಸ್ಯನಿಗೆ ಇರುವುದಿಲ್ಲ.

ಶನಿವಾರ ಗ್ರಂಥಾಲಯದಲ್ಲಿ ಸಭೆ ಸೇರಿತು. ಚಿಲಕ, ಫ್ಯಾನು, ಅಭಿನಂದನೆ ಮುಗಿದವು. ವ್ಯಾನಕ್ಕನನ್ನು ಒಳಗೆ ಕರೆದರು. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಕುರ್ಚಿ ತೋರಿಸಿದರೂ ಕೂರದೆ, ಪುಸ್ತಕದ ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಅಧ್ಯಕ್ಷರು ಎದ್ದು ಮಾತಾಡಿದರು. ಸೇವೆ ಎಂದರೇನು, ತ್ಯಾಗ ಎಂದರೇನು, ತಾವು ಅಂಗಡಿಯನ್ನು ಹೇಗೆ ಶುರುಮಾಡಿದರು ಎಂಬುದೆಲ್ಲ ಅದರಲ್ಲಿತ್ತು. "ಇಂಥವರ ಸೇವೆಯನ್ನು ಮಂಡಳಿ ಸದಾ ಸ್ಮರಿಸುತ್ತದೆ" ಎಂದು ಮುಗಿಸಿ ಫಲಕ ಚಾಚಿದರು.

ವ್ಯಾನಕ್ಕ ಕೈ ಚಾಚಲಿಲ್ಲ.

"ಬೇಡ ಸಾರ್."

"ಯಾಕಮ್ಮ? ತಗೊಳ್ಳಿ, ಸಂಕೋಚ ಬೇಡ."

"ಸಂಕೋಚ ಅಲ್ಲ ಸಾರ್. ಇದು ನೆನಪಿಗೆ ಅಂತ ಕೊಡೋದು. ಇಲ್ಲೇ ಇರೋರನ್ನ ಯಾರಾದ್ರೂ ನೆನಪು ಮಾಡ್ಕೋತಾರಾ? ಕಳಿಸೋದಾದ್ರೆ ಕಳಿಸಿ, ಸುಮ್ಮನೆ ಹೋಗ್ತೀನಿ. ಇದೊಂದು ಕೊಟ್ಟು ಕಳಿಸಬೇಡಿ."

ಅಧ್ಯಕ್ಷರ ಚಾಚಿದ ಕೈ ಚಾಚಿದ ಹಾಗೇ ಇತ್ತು. "ಕಳಿಸ್ತೀವಿ ಅಂತ ಯಾರು ಹೇಳಿದ್ದು?"

"ನೀವೇ ಬೋರ್ಡಲ್ಲಿ ಹಾಕಿದೀರಲ್ಲ. ವ್ಯಾನೂ ನಾನೂ ಒಂದೇ ನಂಬರಲ್ಲಿ."

ಎಲ್ಲರೂ ಕಾರ್ಯದರ್ಶಿಗಳ ಕಡೆ ತಿರುಗಿದೆವು. "ಮಧ್ಯದಲ್ಲಿ 'ಮತ್ತು' ಇದೆ" ಎಂದರು ಅವರು. "ವ್ಯಾಕರಣದ ಪ್ರಕಾರ ಎರಡೂ ಬೇರೆ ಬೇರೆ."

"ಗಂಡ ಮತ್ತು ಹೆಂಡತಿ ಅಂದ್ರೆ ಬೇರೆ ಬೇರೆನಾ ಸಾರ್?" ಎಂದರು ವ್ಯಾನಕ್ಕ.

ಹೆಡ್‌ಮಿಸ್ಸು ಎದ್ದು ಹೋಗಿ ಅವರ ಭುಜದ ಮೇಲೆ ಕೈಯಿಟ್ಟರು. "ಅಕ್ಕ, ನಿಮ್ಮನ್ನ ಯಾರೂ ಕಳಿಸ್ತಿಲ್ಲ. ನೀವು ಇದೀರಿ ಅನ್ನೋ ಸಂತೋಷಕ್ಕೇ ಇದು. ನಾನೇ ಹೇಳಿ ಮಾಡಿಸಿದ್ದು."

ವ್ಯಾನಕ್ಕ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಂಬುವ ಮನಸ್ಸಿತ್ತು, ಕಂಡಿತು. ಆಮೇಲೆ ಮೇಜಿನ ಮೇಲಿದ್ದ ಹೊಸ ವ್ಯಾನಿನ ಬಣ್ಣದ ಚಿತ್ರದ ಕಡೆ ಬೆರಳು ತೋರಿಸಿದರು. ಕಂಪನಿಯವರು ಒಳಗಿನ ಸೀಟುಗಳನ್ನೆಲ್ಲ ಚೌಕ ಚೌಕವಾಗಿ ಬರೆದು ಕಳಿಸಿದ್ದರು.

"ಹಾಗಾದ್ರೆ ನಾನೆಲ್ಲಿ ಕೂರೋದು, ತೋರಿಸಿ ಮೇಡಂ."

ಹೆಡ್‌ಮಿಸ್ಸು ಬಾಗಿ ನೋಡಿದರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನೋಡಿದರು. ನಾನೂ ಕುರ್ಚಿಯಿಂದ ಬಿಡಿಸಿಕೊಂಡು ಹೋಗಿ ನೋಡಿದೆ. ಡ್ರೈವರಿಗೊಂದು ಸೀಟು, ಉಳಿದದ್ದೆಲ್ಲ ಮಕ್ಕಳಿಗೆ. ಬಾಗಿಲ ಪಕ್ಕ, ಹಳೆಯ ವ್ಯಾನಿನಲ್ಲಿ ವ್ಯಾನಕ್ಕನಿಗೆ ಕೂರಲು ಡ್ರೈವರಣ್ಣ ಹಲಗೆ ಹೊಡೆದು ಕೊಟ್ಟಿದ್ದ ಜಾಗದಲ್ಲಿ, ಬಾಗಿಲು ಮುಚ್ಚುವ ಯಂತ್ರದ ಪೆಟ್ಟಿಗೆ ಇತ್ತು. ಆ ಚಿತ್ರ ನಮ್ಮೆಲ್ಲರ ಕೈ ದಾಟಿ, ನಮ್ಮೆಲ್ಲರ ಒಪ್ಪಿಗೆ ಪಡೆದು, ಮುಂಗಡವೊಂದು ಬಿಟ್ಟು ಎಲ್ಲ ಮುಗಿಸಿಕೊಂಡು ಬಂದಿತ್ತು. ಯಾರಿಗೂ ಆಕೆಯನ್ನು ತೆಗೆಯುವ ಮನಸ್ಸಿರಲಿಲ್ಲ, ನಿಜ. ಯಾರೂ ಆಕೆಗೆ ಜಾಗ ಬಿಟ್ಟಿರಲೂ ಇಲ್ಲ.

ಕೊನೆಗೆ ಅಧ್ಯಕ್ಷರು, ಸಭೆಯ ಅನುಮತಿ ಕೋರದೆ, ಸಾಮಾನ್ಯ ಮನುಷ್ಯರ ಹಾಗೆ ಮಾತಾಡಿದರು. "ನಮ್ಮ ಮೊಮ್ಮಗ ಬೆಳಗ್ಗೆ ಪೂರ್ತಿ ಎಚ್ಚರ ಆಗೋದು ಶಾಲೆ ಗೇಟಲ್ಲೇ. ಅವನನ್ನ ಈ ಪೆಟ್ಟಿಗೆ ಎತ್ತಿಕೊಳ್ಳತ್ತೇನ್ರೀ?"

"ಅವರಪ್ಪನೂ ಹಾಗೇ ಇದ್ದ ಸಾರ್" ಎಂದರು ವ್ಯಾನಕ್ಕ. "ದೊಡ್ಡ ಹಾರ್ಡ್‌ವೇರು. ನನ್ನ ಭುಜದ ಮೇಲೆ ಎಷ್ಟು ಜೊಲ್ಲು ಸುರಿಸಿದಾನೋ."

ನಗು ಬಂತು. ಮೊದಲು ನಕ್ಕವರು ಅಧ್ಯಕ್ಷರೇ. "ಬರ್ಕೊಳ್ರೀ" ಎಂದರು ಕಾರ್ಯದರ್ಶಿಗಳಿಗೆ. "ಆ ಪೆಟ್ಟಿಗೆ ಮೇಲಕ್ಕೆ ಹೋಗಲಿ, ಬಾಗಿಲ ಪಕ್ಕ ಇವರಿಗೆ ಬೆಲ್ಟು ಇರೋ ಸೀಟು ಬರಲಿ. ಆಗಲ್ಲ ಅಂದ್ರೆ ಆ ಕಂಪನಿ ವ್ಯಾನೇ ಬೇಡ."

"ಇದು ವಿಷಯಪಟ್ಟಿಯಲ್ಲಿಲ್ಲ."

"'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಅಂತ ಕೊನೇಲಿ ಯಾವಾಗ್ಲೂ ಹಾಕ್ತೀರಲ್ಲ, ಅದರಲ್ಲಿ ಹಾಕಿ. ನನ್ನ ಜೀವಮಾನದಲ್ಲಿ ಒಂದು ಸಲ ಅಪ್ಪಣೆ ಕೊಡ್ತಿದೀನಿ."

ಕಾರ್ಯದರ್ಶಿಗಳು ಪೆನ್ನು ತೆಗೆದರು. 'ಮಹಿಳಾ ಪರಿಚಾರಕಿಯ ಆಸನ' ಎಂದು ಬರೆದು ಜೋರಾಗಿ ಓದಿದರು.

"ಯಾರು ಸಾರ್ ಅದು?" ಎಂದು ಕೇಳಿದರು ವ್ಯಾನಕ್ಕ, ಸ್ವಲ್ಪ ಗಾಬರಿಯಿಂದಲೇ.

"ನೀವೇಮ್ಮ. ಅದು ಹುದ್ದೆಯ ಹೆಸರು."

"ಆ ಹೆಸರು ಕೂಗಿ ಮುಗಿಸೋ ಹೊತ್ತಿಗೆ ಮಗು ಇಳಿಯೋ ಸ್ಟಾಪು ದಾಟಿರತ್ತೆ. ವ್ಯಾನಕ್ಕ ಅಂತಲೇ ಹಾಕಿ."

ಕಾರ್ಯದರ್ಶಿಗಳು ಹೊಡೆದು ಹಾಕಿದರು. ಹೊಸ ಸಾಲಿನಲ್ಲಿ, ಮೇಲೊಂದು ಸಾಲು ಖಾಲಿ ಬಿಟ್ಟು, 'ವ್ಯಾನಕ್ಕನ ಸೀಟು' ಎಂದು ಬರೆದರು. ಅಷ್ಟು ಜಾಗ ಅವರು ತಮ್ಮ ಸಹಿಗೂ ಬಿಟ್ಟವರಲ್ಲ. ಆಮೇಲೆ ತಲೆ ಎತ್ತದೆಯೇ, "ಆ ಎರಡನ್ನೂ ನಾನು ಒಂದೇ ಸಾಲಲ್ಲಿ ಸೇರಿಸಬಾರದಿತ್ತಮ್ಮ" ಎಂದರು. ಕೈ ಎತ್ತಿ ಎಂದು ಯಾರೂ ಹೇಳುವ ಮೊದಲೇ ಎಲ್ಲರ ಕೈ ಮೇಲಿತ್ತು. ನನ್ನ ಕೈ ಎಲ್ಲರಿಗಿಂತ ಮೊದಲು ಎದ್ದಿತು ಎಂದು ಮನೆಯಲ್ಲಿ ಹೇಳಿದ್ದೇನೆ, ಹೆಂಡತಿ ನಂಬಿಲ್ಲ.

ಫಲಕವನ್ನು ವ್ಯಾನಕ್ಕ ಆಗಲೂ ತೆಗೆದುಕೊಳ್ಳಲಿಲ್ಲ. "ಇಲ್ಲೇ ಇಟ್ಟಿರಿ ಸಾರ್. ಕೈಲಾಗಲ್ಲ ಅಂದ ದಿನ ನಾನೇ ಕೇಳಿ ತಗೊಳ್ತೀನಿ." ಅದು ಈಗ ಆಫೀಸಿನ ಕಪಾಟಿನಲ್ಲಿದೆ. ಬಹಳ ವರ್ಷ ಅಲ್ಲೇ ಇರಲಿ ಎನ್ನುವುದು ನನ್ನ ಆಸೆ.

ಹೊಸ ವ್ಯಾನು ಬಂದ ದಿನ ನಮ್ಮ ಬೀದಿಯ ಪೋಷಕರೆಲ್ಲ ಸ್ಟಾಪಿನಲ್ಲಿ ಸೇರಿದ್ದೆವು. ಬಾಗಿಲು ಉಸ್ಸೆಂದು ತಾನೇ ತೆರೆಯಿತು. ಪಕ್ಕದ ಸೀಟಿನಲ್ಲಿ ವ್ಯಾನಕ್ಕ, ಬೆಲ್ಟು ಹಾಕಿಕೊಂಡು, ವಿಮಾನ ಹೊರಡಿಸುವವರ ಹಾಗೆ ಕೂತಿದ್ದರು. ಬೆಲ್ಟು ಬಿಚ್ಚಿ ಇಳಿದು ಬಂದು ಮಗಳ ಬ್ಯಾಗು ತೆಗೆದುಕೊಂಡರು. ಇವರಿಗೆ ಒಂದು ಮಾತು ಹೇಳಲೇಬೇಕು ಎಂದು ನಾನು ರಾತ್ರಿಯೆಲ್ಲ ಯೋಚಿಸಿ ಸಿದ್ಧವಾಗಿ ಬಂದಿದ್ದೆ. ಗಂಟಲು ಸರಿಮಾಡಿಕೊಂಡೆ.

"ವ್ಯಾನಕ್ಕ, ಎಲ್ಲ ಪೋಷಕರ ಪರವಾಗಿ, ಇಷ್ಟು ವರ್ಷ ನಮ್ಮ ಮಕ್ಕಳನ್ನು..."

"ಸಾರ್, ಬಾಗಿಲಿಂದ ಸ್ವಲ್ಪ ಆ ಕಡೆ ನಿಲ್ಲಿ" ಎಂದರು ಅವರು, ಮಗಳನ್ನು ಕಂಕುಳಿಗೆ ಕೈಹಾಕಿ ಮೇಲೆತ್ತುತ್ತಾ. "ನೀವಿದ್ರೆ ಇದು ಮುಚ್ಕೊಳಲ್ಲ."

ಸರಿದು ನಿಂತೆ. ಮುಚ್ಚಿಕೊಂಡಿತು.