ಹೋಗದೆ ಬರೆದ ವರದಿ

ಹದಿನೇಳು ವರ್ಷದಿಂದ ನಾನು ಅತಿಥಿ ಉಪನ್ಯಾಸಕ. ಯಾವ ಮನೆಯಲ್ಲೂ ಅತಿಥಿಯೊಬ್ಬ ಇಷ್ಟು ವರ್ಷ ಉಳಿದಿರಲಾರ. ಮೊಳಕಾಲ್ಮೂರಿನಲ್ಲಿ ಬೆಳಿಗ್ಗೆ ಏಳರ ಬಸ್ಸು ಹಿಡಿದು, ತಳಕಿನಲ್ಲಿ ಯಾರಾದರೂ ಇಳಿದರೆ ಸೀಟು ಹಿಡಿದು, ಚಳ್ಳಕೆರೆಯ ಕಾಲೇಜು ತಲುಪುವ ಹೊತ್ತಿಗೇ ಅರ್ಧ ದಿನದ ದಣಿವು ಆಗಿರುತ್ತದೆ. ಮೊದಲು ಇಂಗ್ಲಿಷ್, ಊಟದ ಮೇಲೆ ಪತ್ರಿಕೋದ್ಯಮ.

ಇಂಗ್ಲಿಷ್ ತರಗತಿಯಲ್ಲಿ ರಜೆ ಕೇಳಿ ಪ್ರಾಂಶುಪಾಲರಿಗೆ ಪತ್ರ ಬರೆಯುವುದನ್ನು ಕಲಿಸುತ್ತೇನೆ. ಬರೆದವರಿಗೆಲ್ಲ ಜ್ವರ, ಯಾಕೆಂದರೆ ಗೈಡಿನಲ್ಲಿ ಜ್ವರ ಇದೆ. ಒಬ್ಬನಾದರೂ ಅಕ್ಕನ ಮದುವೆ, ಕುರಿ ಕಳೆದುಹೋಯಿತು ಎಂದು ಬರೆದಾನೇನೋ ಎಂದು ಮೊದಮೊದಲು ಕಾದೆ, ಬೈದೂ ನೋಡಿದೆ. ಈಗ ಹತ್ತಕ್ಕೆ ಆರು ಹಾಕಿ ಮುಂದಿನ ಹಾಳೆ ತಿರುವುತ್ತೇನೆ.

ಪತ್ರಿಕೋದ್ಯಮ ತೆಗೆದುಕೊಂಡವರು ಹನ್ನೊಂದು ಮಂದಿ. ಅದರಲ್ಲಿ ಎಂಟು ಮಂದಿ ಬೇರೆ ವಿಷಯದಲ್ಲಿ ಜಾಗ ಸಿಗದೆ ಬಂದವರು. ಅವರಿಗೆ ನಾನು ಕಲಿಸಿದ್ದು ನನಗೆ ಗೊತ್ತಿದ್ದನ್ನೇ. ಹಿಂದೆ ಜಿಲ್ಲಾ ಪತ್ರಿಕೆಯೊಂದಕ್ಕೆ ಬಿಡಿ ಸುದ್ದಿಗಾರನಾಗಿದ್ದವನು ನಾನು. ನಮ್ಮ ಕಡೆ ಸಭೆ ಸಮಾರಂಭದ ವರದಿ ಹುಟ್ಟುವುದು ಸಭೆಯಲ್ಲಲ್ಲ, ಆಮಂತ್ರಣ ಪತ್ರಿಕೆಯಲ್ಲಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಲ್ಲರೂ ಅದರಲ್ಲಿರುತ್ತಾರೆ. ‘ಉದ್ಘಾಟಿಸಲಿದ್ದಾರೆ’ ಎಂಬುದನ್ನು ‘ಉದ್ಘಾಟಿಸಿದರು’ ಮಾಡಿ, ಅವರ ಬಾಯಿಗೆ ಎರಡು ಒಳ್ಳೆಯ ಮಾತು ತುಂಬಿದರೆ ಮುಗಿಯಿತು. ಕಾರ್ಯಕ್ರಮ ಶುರುವಾಗುವ ಮೊದಲೇ ವರದಿ ಪತ್ರಿಕೆಯ ಕಚೇರಿ ತಲುಪಿರುತ್ತದೆ. ಇದನ್ನು ತರಗತಿಯಲ್ಲಿ ತಮಾಷೆಯಾಗಿ ಹೇಳಿದ್ದೆ. ಹನ್ನೊಂದು ಮಂದಿಯೂ ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು. ನಾನು ಬೇಡ ಅನ್ನಲಿಲ್ಲ.

ಬರೆದುಕೊಂಡು ಪ್ರಶ್ನೆ ಕೇಳಿದವಳು ಒಬ್ಬಳೇ. ‘ಸಾರ್, ಬರ್ತೀವಿ ಅಂದೋರು ಬರ್ದೇ ಇದ್ರೆ?’

‘ಬರ್ತಾರಮ್ಮ, ಬರ್ದೇ ಎಲ್ಲಿ ಹೋಗ್ತಾರೆ’ ಎಂದು ಹಾಜರಿ ಪುಸ್ತಕ ಮುಚ್ಚಿದೆ.

ಅವಳ ತಂದೆಗೆ ಚಳ್ಳಕೆರೆಯಲ್ಲೇ ಗ್ಯಾರೇಜು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ನನ್ನ ತರಗತಿಯಲ್ಲಿ ಹೆದರಿ ಹೆದರಿ ಇಂಗ್ಲಿಷ್. ಆದರೆ ಕನ್ನಡದಲ್ಲಿ ಬರೆಯಲು ಕೂತರೆ ಅವಳಿಗೆ ಯಾರ ಭಯವೂ ಇರಲಿಲ್ಲ. ಪತ್ರಿಕೋದ್ಯಮದಲ್ಲೇ ಎಂ.ಎ. ಓದಬೇಕು, ಹಾಸ್ಟೆಲಿನಲ್ಲಿ ಇದ್ದು ಓದಬೇಕು ಎಂಬುದು ಅವಳ ಹಟ. ಬಿ.ಎಡ್. ಮಾಡಲಿ ಎಂಬುದು ತಂದೆಯ ಹಟ. ಕೊನೆಗೆ ಅವರು ಒಂದು ಷರತ್ತಿಗೆ ಇಳಿದಿದ್ದರು. ‘ಒಂದ್ಸಲ ನಿನ್ನ ಹೆಸರು ಪೇಪರ್‌ನಾಗೆ ಬರ್ಲಿ, ಆಮೇಲೆ ಫಾರಂಗೆ ಸೈನ್ ಹಾಕ್ತೀನಿ’ ಅಂದಿದ್ದರಂತೆ. ಫಾರಂ ಕಳಿಸಲು ಮಂಗಳವಾರ ಕೊನೆಯ ದಿನ.

ಅದಕ್ಕೆ ಮುಂಚಿನ ಶನಿವಾರ ಸಿದ್ದಾಪುರದ ಬಂಡೆ ಶಾಸನದ ಬಳಿ ಕಾಲೇಜಿನಿಂದ ಒಂದು ಕಾರ್ಯಕ್ರಮವಿತ್ತು. ಶಾಸನ ಉಳಿಸೋಣ ಎಂಬ ಬ್ಯಾನರು, ನಾಲ್ಕು ಭಾಷಣ, ಚಿತ್ರಾನ್ನ. ನೀನೇ ಹೋಗಿ ವರದಿ ಮಾಡು, ಪತ್ರಿಕೆಗೆ ನಾನು ಕಳಿಸುತ್ತೇನೆ ಎಂದು ಅವಳಿಗೆ ಹೇಳಿದ್ದೆ. ನಾನೂ ಹೋಗಬೇಕಿತ್ತು. ಸಿದ್ದಾಪುರ ನನ್ನ ಮನೆಗೇ ಹತ್ತಿರ, ಚಳ್ಳಕೆರೆಯಿಂದ ಬರುವವರಿಗೆ ದೂರ. ಆದರೆ ಆ ಬೆಳಿಗ್ಗೆ ಮೈ ಏಳಲಿಲ್ಲ. ಜ್ವರವೇನೂ ಇರಲಿಲ್ಲ, ಸಾಕಾಗಿತ್ತು ಅಷ್ಟೆ. ಇನ್ನೊಬ್ಬ ಉಪನ್ಯಾಸಕರಿಗೆ ಫೋನು ಮಾಡಿ ಮಕ್ಕಳನ್ನು ನೋಡಿಕೊಳ್ಳಿ ಎಂದೆ.

ಮತ್ತೆ ಮಲಗಿದವನಿಗೆ ಹುಡುಗಿಯ ಮಂಗಳವಾರ ನೆನಪಾಯಿತು. ಭಾನುವಾರದ ಪುಟ ಬೇಗ ಮುಗಿಸುತ್ತಾರೆ. ಅವಳು ಮನೆಗೆ ಬಂದು, ಬರೆದು, ನಾನು ತಿದ್ದುವ ಹೊತ್ತಿಗೆ ಜಾಗ ಇರುವುದಿಲ್ಲ. ಹಾಸಿಗೆಯ ಮೇಲೆಯೇ ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡು ಮೊಬೈಲಿನಲ್ಲಿ ವರದಿ ಕುಟ್ಟಿದೆ. ಉದ್ಘಾಟಕರಾದ ಹಿರಿಯ ಅಧಿಕಾರಿಗಳು ದೀಪ ಬೆಳಗಿಸಿದರು. ‘ಹಿರಿಯರನ್ನು ಗೌರವಿಸಿ, ಸತ್ಯವನ್ನೇ ನುಡಿಯಿರಿ ಎನ್ನುವ ಈ ಶಾಸನ ಇಂದಿನ ಯುವಕರಿಗೆ ದಾರಿದೀಪ’ ಎಂದು ಕರೆ ನೀಡಿದರು. ಮೇಲೆ ಅವಳ ಹೆಸರು ಹಾಕಿ ಕಳಿಸಿದೆ. ಒಂದು ಪುಣ್ಯದ ಕೆಲಸ ಮಾಡಿದೆ ಎಂದೇ ಅನಿಸಿತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ನೋಟ್‌ಬುಕ್ಕು.

‘ಸಾರ್, ಅವ್ರು ಬರಲೇ ಇಲ್ಲ.’

‘ಯಾರಮ್ಮ?’

‘ಉದ್ಘಾಟಕರು. ಎರಡು ಗಂಟೆವರೆಗೂ ಕಾದ್ವಿ. ಅಧ್ಯಕ್ಷರೂ ಇಲ್ಲ. ಶಾಸನದ ಗೇಟಿಗೆ ಬೀಗ ಹಾಕಿತ್ತು, ಕೀ ಇರೋರು ಮದುವೆಗೆ ಹೋಗಿದ್ರು. ದೀಪ ಹಚ್ಚಲಿಲ್ಲ, ಭಾಷಣ ಇಲ್ಲ. ಚಿತ್ರಾನ್ನ ತಿಂದು ವಾಪಸ್ ಬಂದ್ವಿ ಸಾರ್.’

ನೋಟ್‌ಬುಕ್ಕು ತೆಗೆದು ನೋಡಿದೆ. ಮೂರು ಪುಟ ಬರೆದಿದ್ದಳು. ಬೀಗದ ಮುಂದೆ ಸುತ್ತಿಟ್ಟ ಬ್ಯಾನರು, ಬಿಸಿಲಿಗೆ ಬಂಡೆ ಕಾದು ಚಪ್ಪಲಿ ಬಿಟ್ಟ ಹುಡುಗರು ಕಾಲಿಡಲಾಗದೆ ಒದ್ದಾಡಿದ್ದು. ಮೇಕೆ ಮೇಯಿಸುವ ಒಬ್ಬ ಹೆಂಗಸು ತಾನು ಕೂತ ನೆರಳಿನಲ್ಲಿ ಇವಳಿಗೂ ಜಾಗ ಕೊಟ್ಟು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ‘ಈಡ ಹುಟ್ಟಿ ಇಲ್ಲೇ ಮುದುಕಿ ಆದೆ, ಒಳಗ ಏನ್ ಬರ್ದೈತೋ ನನಗೆ ಯಾರೂ ಓದಿ ಹೇಳಿಲ್ಲಮ್ಮ’ ಎಂದದ್ದು. ಕಡೆಯ ಸಾಲಿನವರೆಗೂ ಓದಿದೆ. ಎಷ್ಟೋ ವರ್ಷದಿಂದ ಒಬ್ಬ ವಿದ್ಯಾರ್ಥಿಯ ಬರಹವನ್ನು ಕಡೆಯ ಸಾಲಿನವರೆಗೆ ಓದಿರಲಿಲ್ಲ. ಇಂಥದ್ದನ್ನು ನಾನು ಯಾವತ್ತೂ ಬರೆದಿರಲಿಲ್ಲ ಎಂಬುದೂ ಗೊತ್ತಾಯಿತು.

ತಿದ್ದುಪಡಿ ಹಾಕಲಾದೀತೇ ಎಂದು ಪತ್ರಿಕೆಯಲ್ಲಿದ್ದ ಗೆಳೆಯನಿಗೆ ಫೋನು ಮಾಡಿದೆ. ‘ಬಂದಿರೋದು ಬಂದಾಯ್ತು ಬಿಡ್ರಿ, ಯಾರು ಓದ್ತಾರೆ’ ಎಂದು ನಕ್ಕ. ನನ್ನದೂ ಅದೇ ಅಭಿಪ್ರಾಯವಾಗಿತ್ತು, ಭಾನುವಾರದವರೆಗೆ.

‘ನೋಡಮ್ಮ, ಅಪ್ಪನಿಗೆ ಖುಷಿ ಆಗಿದೆ ತಾನೆ? ನಾಳೆ ಕೊನೇ ದಿನ. ಸಹಿ ಹಾಕಿಸ್ಕೋ. ಆಮೇಲೆ ಜೀವನಪೂರ್ತಿ ನಿಜ ಬರೀ, ಯಾರು ಬೇಡ ಅಂತಾರೆ?’

‘ನಮ್ಮ ಅಬ್ಬಾ ಅದನ್ನ ಗ್ಯಾರೇಜಿಗೆ ಬಂದೋರಿಗೆಲ್ಲ ಓದಿಸ್ತಾ ಇದಾರೆ ಸಾರ್. ನನಗೆ ಅಲ್ಲಿ ನಿಲ್ಲಕ್ಕೇ ಆಗ್ತಿಲ್ಲ.’ ‘ನಾನು ಹೇಳ್ತೀನಿ ಅವರಿಗೆ. ನೀವು ಜೊತೆಗೆ ಬರ್ತೀರಾ?’

ಹೇಳಿದರೆ ಸಹಿ ಹೋದಂತೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ಬರುವುದಿಲ್ಲ ಎನ್ನಲು ನನಗೆ ನೂರು ನೆವ ಇತ್ತು, ಹೇಳುವ ಮುಖ ಇರಲಿಲ್ಲ. ಗ್ಯಾರೇಜಿಗೆ ನಡೆದೆವು.

ತಂದೆ ಒಂದು ಗೂಡ್ಸ್ ಆಟೋದ ಕೆಳಗೆ ಮಲಗಿದ್ದರು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಎದುರಿನ ಹೋಟೆಲಿಗೆ ಚಹಾ ಹೇಳಿದರು. ‘ನೀವು ದೊಡ್ಡ ಉಪಕಾರ ಮಾಡಿದ್ರಿ ಸಾರ್’ ಎಂದರು. ಮಗಳು ಉರ್ದುವಿನಲ್ಲಿ, ತಲೆ ತಗ್ಗಿಸಿ, ನಿಲ್ಲಿಸದೆ ಎಲ್ಲ ಹೇಳಿಬಿಟ್ಟಳು. ನನಗೆ ಅರ್ಥವಾಗದ ಭಾಷೆಯೇನಲ್ಲ. ಅವಳು ನನ್ನನ್ನು ಎಲ್ಲೂ ದೂರಲಿಲ್ಲ. ಸಾರ್ ನನ್ನ ಒಳ್ಳೆಯದಕ್ಕೇ ಮಾಡಿದರು ಎಂದಳು. ಅದು ಕೇಳಲು ಬೈಗುಳಕ್ಕಿಂತ ಕಷ್ಟವಾಗಿತ್ತು.

ಅವರು ನನ್ನ ಕಡೆ ತಿರುಗಿದರು. ‘ನೀವು ಹೋಗಿದ್ರೇನ್ರಿ ಸಾರ್ ಅಲ್ಲಿಗೆ?’

‘ಇಲ್ಲ.’

‘ಸಿದ್ದಾಪುರ ನಿಮ್ಮೂರಿಗೆ ಹತ್ರ ಅಲ್ವಾ?’

‘ಹತ್ರವೇ.’

‘ಗಾಡಿ ಬಿಚ್ಚದೇನೇ ರಿಪೇರಿ ಆಯ್ತು ಅಂತ ನಾನು ಕೀ ಕೊಟ್ರೆ, ಗಿರಾಕಿ ಏನಂತಾನೆ?’

ಅವರು ಮಗಳಿಗೆ, ನೀನು ಬರೆದದ್ದು ಓದು ಎಂದರು. ಅವಳು ನಿಂತೇ ಓದಿದಳು. ಮೇಕೆಯ ಹೆಂಗಸಿನ ಮಾತು ಬಂದಾಗ ಅವರು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟರು. ಓದಿ ಮುಗಿದ ಮೇಲೆ, ‘ಫಾರಂ ಎಲ್ಲೈತೆ, ತಾ’ ಎಂದರು.

ಕೈಗೆ ಇನ್ನೂ ಗ್ರೀಸು ಇತ್ತು. ಹಾಳೆಗೆ ತಾಗದಂತೆ ಎರಡೇ ಬೆರಳಲ್ಲಿ ಪೆನ್ನು ಹಿಡಿದು, ನಿಧಾನವಾಗಿ ಸಹಿ ಹಾಕಿದರು. ಹುಡುಗಿ ಅಳುತ್ತಿದ್ದಳು. ನನಗೆ ಸಂತೋಷವಾಗಿತ್ತು, ಅದನ್ನು ಹೇಳೋಣವೆಂದು ಬಾಯಿ ತೆರೆದೆ.

‘ಬೇಜಾರ್ ಮಾಡ್ಕಾಬ್ಯಾಡ್ರಿ ಸಾರ್’ ಎಂದರು ಅವರು, ಫಾರಂ ಮಗಳ ಕೈಗೆ ಕೊಡುತ್ತ. ‘ದೂರ ಹೋಗ್ಲಿ. ಇಲ್ಲೇ ನಿಮ್ಮ ಹತ್ರಾನೇ ಇದ್ರೆ ಇವಳೂ ಮನೇಲೇ ಕುಂತು ಬರಿಯೋದು ಕಲೀತಾಳೆ.’

ಚಹಾ ಬಂತು. ಅವರು ಮೊದಲ ಲೋಟ ನನಗೇ ಕೊಟ್ಟರು.