ತಲೆ ಕಡೆ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಪರೇಷನ್ ಥಿಯೇಟರಿನೊಳಗೆ ಒಬ್ಬರು ಕುಂಟುತ್ತಲೇ ಬಂದು ಅರಿವಳಿಕೆ ಯಂತ್ರದ ಕೊಳವೆಗೆ ಅಂಗೈ ಅಡ್ಡ ಹಿಡಿದು, ಗಾಳಿ ಸೋರುತ್ತಿದೆಯೇ ಎಂದು ನೋಡುತ್ತಾರೆ. ಅರಿವಳಿಕೆ ವೈದ್ಯರ ಸಹಾಯಕಿ. ಕೊಯ್ಯುವ ಡಾಕ್ಟರು ಎಲ್ಲೇ ನಿಲ್ಲಲಿ, ಇವರ ಜಾಗ ರೋಗಿಯ ತಲೆಯ ಬಳಿ, ಹಣೆಯ ಮೇಲೊಂದು ಕೈ ಇಟ್ಟು. ಹಾಗಾಗಿ ಆಸ್ಪತ್ರೆಗೆಲ್ಲ ಇವರು 'ತಲೆ ಕಡೆ ಅಕ್ಕ'.

ದಿನಕ್ಕೆ ಏಳೆಂಟು ಹಣೆ. ಆ ಕೈಯನ್ನು ನೆನಪಿಟ್ಟುಕೊಂಡವರು ಕಡಿಮೆ. "ನೆನಪಿಲ್ಲದ ಹಾಗೆ ಮಾಡೋದೇ ನಮ್ಮ ಕೆಲಸ ಅಲ್ವಾ" ಎಂದು ನಗುತ್ತಾರೆ.

ಇದೇ ವಾರ ಆಪರೇಷನ್ ಮೇಜಿನ ಮೇಲೆ ಮಲಗುವ ಸರದಿ ಅವರದೇ. ಮಂಡಿಯೊಳಗಿನ ಮೆತ್ತೆ ಹರಿದಿದೆ. ಎರಡು ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ ಸರಿಮಾಡಬೇಕು. ಅರಿವಳಿಕೆ ಯಾವುದು ಬೇಕೆಂದು ವೈದ್ಯರು ಇವರನ್ನೇ ಕೇಳಿದ್ದಾರೆ.

"ಊರಿಗೆಲ್ಲ ಬುದ್ಧಿ ಹೇಳೋಳು, ನನ್ನ ಕಾಲಿಗೆ ಬಂದಾಗ ಬಾಯಿ ಕಟ್ಟಿತು. ಮಂಡಿಗಷ್ಟೇ ಸೂಜಿ ಕೊಟ್ರೆ ಬೇಗ ಮನೆಗೆ ಹೋಗಬಹುದು, ಆದ್ರೆ ಒಳಗೆ ಎಳೆದಾಡೋದು ಗೊತ್ತಾಗುತ್ತೆ. ಬೆನ್ನಿಗೆ ಕೊಟ್ರೆ ಸೊಂಟದ ಕೆಳಗೆ ಮರಗಟ್ಟುತ್ತೆ, ಎಚ್ಚರ ಇರುತ್ತೆ. ಆಮೇಲೆ ಕೆಲವರಿಗೆ ತಲೆನೋವು. ಪೂರ್ತಿ ನಿದ್ದೆ ಆದ್ರೆ ಏನೂ ಗೊತ್ತಾಗಲ್ಲ, ಎದ್ದಾಗ ವಾಂತಿ, ಗಂಟಲು ಉರಿ ಇರಬಹುದು. ಅದಕ್ಕೆಲ್ಲ ನಾನು ಹೆದರಲ್ಲ."

ಹೆದರಿಕೆ ಬೇರೆಯದು. ಪೂರ್ತಿ ನಿದ್ದೆಯಿಂದ ಏಳುವಾಗ ಜನ ತಮಗೆ ಬೇಕಾದವರನ್ನು ಕರೆಯುತ್ತಾರಂತೆ. ಮೀಸೆ ತಿರುವುತ್ತ ಬಂದ ಅಜ್ಜನೊಬ್ಬ "ಅಮ್ಮಾ" ಎಂದು ಕನವರಿಸಿದ್ದನ್ನು ಇವರೇ ಕೇಳಿದ್ದಾರೆ. "ನಾನು ಕರೆಯೋದು ನನ್ನ ತಂಗೀನ. ಅವಳು ನನ್ನ ಜೊತೆ ಮಾತು ಬಿಟ್ಟಿದಾಳೆ."

ತಾಯಿ ಕಣ್ಣು ಮುಚ್ಚಿದ ಬೆಳಿಗ್ಗೆ ಅಕ್ಕ ಥಿಯೇಟರಿನಲ್ಲಿದ್ದರು. ಮಲಗಿಸಿದ ರೋಗಿಯನ್ನು ಬಿಟ್ಟು ಹೊರಡುವಂತಿರಲಿಲ್ಲ. "ಕಂಡವರ ತಲೆಗೆಲ್ಲ ಕೈ ಇಡ್ತೀಯ, ಅಮ್ಮನ ತಲೆಗೆ ಇಡೋಕೆ ಬರಲಿಲ್ಲ" ಎಂದ ತಂಗಿ ಆಮೇಲೆ ಸೊಲ್ಲೆತ್ತಲಿಲ್ಲ. ಒಡಹುಟ್ಟಿದವಳ ದನಿಗಾಗಿ ಇವರ ಜೀವ ಹಾತೊರೆಯುತ್ತದೆ. ಎಷ್ಟೋ ಸಲ ಫೋನ್ ಎತ್ತಿಕೊಂಡು, ಹಾಗೇ ಇಟ್ಟುಬಿಟ್ಟಿದ್ದಾರೆ.

ನಿನ್ನೆ ಇಡಲಿಲ್ಲ. ಮಂಡಿಯ ವಿಷಯ ಹೇಳಿದರು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಯಾವ ಕಾಲು?"

"ಎಡಗಾಲು ಅಂದೆ. ಫೋನ್ ಇಟ್ಟಳು. ಬರ್ತೀನಿ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ."

ದಿನದ ಮೊದಲ ರೋಗಿ ಒಳಗೆ ಬರುತ್ತಾನೆ. ಅಕ್ಕ ಕುಂಟುತ್ತ ತಲೆ ಕಡೆ ಹೋಗುತ್ತಾರೆ. ಕೊನೆಗೆ ಯಾವುದನ್ನು ಆರಿಸಿದಿರಿ ಎಂದರೆ, ಅವನ ಹಣೆಯ ಮೇಲೆ ಕೈ ಇಟ್ಟುಕೊಂಡೇ ಉತ್ತರಿಸುತ್ತಾರೆ.

"ಬೆನ್ನಿಗೇ ಕೊಡಿ ಅಂದಿದೀನಿ. ತಂಗೀನ ಒಳಗೆ ಬಿಡೋಕೆ ಡಾಕ್ಟ್ರ ಒಪ್ಪಿಗೆನೂ ತಗೊಂಡಿದೀನಿ. ಅವಳು ಬಂದ್ರೆ, ನಾನು ಎಚ್ಚರ ಇರಬೇಕಲ್ಲ."