ಬೈಗುಳಕ್ಕೆ ಬಾಯಿ ಮುಚ್ಚಿದ ಬೂಸ್ಟರ್

ಯಂತ್ರವೂ ಮಾತು ಕೇಳುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಆಯುಧಪೂಜೆಗೆ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದದ್ದೂ ಹೆಂಡತಿಯ ಸಮಾಧಾನಕ್ಕೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಆಗ ನಾವು ಅಮೆರಿಕದ ಏಪೆಕ್ಸ್ ಎಂಬ ಊರಿನಲ್ಲಿದ್ದೆವು. ರಾಲಿ ನಗರದ ಹತ್ತಿರ ಔಷಧಿ ಒಣಗಿಸುವ ಕಾರ್ಖಾನೆಯೊಂದರಲ್ಲಿ ಪಂಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಣಗಿಸುವ ಕೋಣೆಯ ಗಾಳಿಯನ್ನೆಲ್ಲ ಎಳೆದು ಹೊರಹಾಕಲು ಅಲ್ಲೊಂದು ವ್ಯಾಕ್ಯೂಮ್ ಬೂಸ್ಟರ್ ಇತ್ತು. ಅದರ ಹೊಟ್ಟೆಯಲ್ಲಿ ಎರಡು ರೋಟರುಗಳು ಕೂದಲೆಳೆಯ ಅಂತರದಲ್ಲಿ, ಒಂದಕ್ಕೊಂದು ತಾಗದೆ ತಿರುಗುತ್ತವೆ. ತಾಗಿದರೆ ಕಥೆ ಮುಗಿಯಿತು.

ಒಂದು ಶನಿವಾರ ಬೆಳಿಗ್ಗೆ ಅದು ಟಕಟಕ ಬಡಿದುಕೊಳ್ಳತೊಡಗಿತು. ಕಾರ್ಖಾನೆಯಿಂದ ಕರೆ ಬಂದಾಗ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಈಗ ಬಂದೆ ಎಂದು ಹೇಳಿ ಮಡಿಪಂಚೆ ಬಿಚ್ಚಿಟ್ಟು ಓಡಿದೆ. ಒಣಗಿಸುವ ಕೋಣೆಯೊಳಗೆ ಅರ್ಧ ಒಣಗಿದ ಔಷಧಿ. ಬೂಸ್ಟರ್ ನಿಲ್ಲಿಸಿದರೆ ಅದು ಹಾಳು, ನಿಲ್ಲಿಸದಿದ್ದರೆ ಬೂಸ್ಟರೇ ಹಾಳು. ಎಣ್ಣೆಯ ಮಟ್ಟ ಸರಿಯಿತ್ತು. ಬೋಲ್ಟುಗಳು ಬಿಗಿಯಾಗಿದ್ದವು. ಉದ್ದನೆಯ ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಂಡು ಬೇರಿಂಗುಗಳ ಸದ್ದು ಆಲಿಸಿದೆ. ಅವೂ ಚೆನ್ನಾಗಿದ್ದವು. ನನ್ನ ಮೇಲಧಿಕಾರಿ ಗ್ಲೆನ್ ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದ.

ಅಷ್ಟರಲ್ಲಿ ಫೋನ್ ಬಂತು. ನನ್ನ ಕೈಯೆಲ್ಲ ಎಣ್ಣೆ. ಗ್ಲೆನ್ ಸ್ಪೀಕರ್ ಹಾಕಿ ಹಿಡಿದ. ನನ್ನ ಹೆಂಡತಿ ಶಾಂತಾ ಧಾರವಾಡದವಳು, ದನಿ ದೊಡ್ಡದು.

"ಏನ್ರೀ, ಎಲ್ಲಿ ಅದೀರಿ? ಮಂದಿ ಎಲ್ಲಾ ಬಂದು ಕುಂತಾರ! ಸಾಕ್ ಮಾಡ್ರಿ ಇನ್ನ!"

ಬಡಿತ ನಿಂತಿತು. ಬೂಸ್ಟರ್ ಓಡುತ್ತಲೇ ಇತ್ತು, ಬಡಿತ ಮಾತ್ರ ಇಲ್ಲ. ನಾನೂ ಗ್ಲೆನ್ನೂ ಮುಖ ಮುಖ ನೋಡಿಕೊಂಡೆವು. ಅವಳು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಟಕಟಕ.

"ಕಾಲ್ ಹರ್ ಬ್ಯಾಕ್," ಎಂದ ಗ್ಲೆನ್. ಅವನು ತಮಾಷೆ ಮಾಡುವ ಮನುಷ್ಯನಲ್ಲ.

"ಶಾಂತಾ, ಸ್ವಲ್ಪ ಬೈಯಿ," ಎಂದೆ.

"ಏನಂದ್ರಿ?"

"ಬೈಯಿ ಅಂದ್ರ ಬೈಯಿ. ಆಮ್ಯಾಲ ಹೇಳ್ತೀನಿ."

ಅವಳ ದನಿ ಮೆತ್ತಗಾಯಿತು. "ಆರಾಮ ಅದೀರಿಲ್ರೀ?" ಬಡಿತ ಹಾಗೇ ಇತ್ತು. ಗ್ಲೆನ್ ಇನ್ನೂ ಜೋರಾಗಿ ಎಂಬಂತೆ ಕೈಸನ್ನೆ ಮಾಡಿದ. ನಾನು ನಕ್ಕುಬಿಟ್ಟೆ. ಅದು ಅವಳಿಗೆ ಕೇಳಿಸಿತು.

"ಪೂಜಿ ಬಿಟ್ಟು ಚ್ಯಾಷ್ಟಿ ಹಚ್ಚೀರೇನು ನನ್ನ ಜೋಡಿ?"

ತಟ್ಟನೆ ಬಡಿತ ನಿಂತಿತು. ಮತ್ತೆ ಬಡಿಯಲಿಲ್ಲ. ಔಷಧಿ ಉಳಿಯಿತು. ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಶಾಂತಾ ಪೂಜೆಯ ಸಪಾದ ಪ್ರಸಾದವನ್ನು ಕೈಗಿಡುತ್ತ, "ಅದಾದ್ರೂ ನನ್ನ ಮಾತ ಕೇಳ್ತಲ್ಲ," ಎಂದಳು.

ಮುಂದಿನ ವಾರ ಬೂಸ್ಟರ್ ಬಿಚ್ಚಿದೆವು. ರೋಟರಿನ ಮೇಲೆ ಒಂದು ಗೀರಿಲ್ಲ, ಗೇರುಗಳು ಸಡಿಲವಾಗಿಲ್ಲ, ಒಳಗೊಂದು ಕಸವಿಲ್ಲ. ಆಮೇಲೆ ಎಷ್ಟೋ ಬೂಸ್ಟರುಗಳನ್ನು ಬಿಚ್ಚಿದ್ದೇನೆ. ಪ್ರತಿಯೊಂದರಲ್ಲೂ ಏನಾದರೊಂದು ಕಾರಣ ಸಿಕ್ಕಿದೆ. ಅದೊಂದರಲ್ಲಿ ಬಡಿದದ್ದು ಯಾಕೆಂದೂ ತಿಳಿಯಲಿಲ್ಲ, ನಿಂತದ್ದು ಯಾಕೆಂದೂ ತಿಳಿಯಲಿಲ್ಲ.